ವಾಡೆಯ ಕಂಡಕ್ಟರ್

ಕಾಕಾ ತೀರಿಕೊಂಡ ಸುದ್ದಿ ಫೋನಿಗೆ ಬಂದಾಗ ನಾನು ಹುಬ್ಬಳ್ಳಿಯ ಒಂದು ಮದುವೆ ಮಂಟಪದಲ್ಲಿ ಮೈಕು ಹಿಡಿದು ಅವರದೇ ದನಿ ತೆಗೆಯುತ್ತಿದ್ದೆ. ಮಿಮಿಕ್ರಿ ಮಾಡುವವನ ಹಣೆಬರಹ ನೋಡಿ, ಮಂದಿ ಪಂಕ್ತಿಗೆ ಕೂತ ಮೇಲೆಯೇ ನಮ್ಮನ್ನು ವೇದಿಕೆ ಹತ್ತಿಸುತ್ತಾರೆ. ನಾನು ಹುಲಿಯಾಗಿ ಗರ್ಜಿಸಿದರೂ ಅವರ ಕಿವಿ ಗೋಧಿ ಹುಗ್ಗಿ ಬಡಿಸುವವನ ಹೆಜ್ಜೆಯ ಕಡೆಗೇ ಇರುತ್ತದೆ. ಅಂದು ಮಾತ್ರ ಒಂದು ಸಾಲಿನವರು ಎಲೆಯಿಂದ ತಲೆ ಎತ್ತಿ ನಕ್ಕಿದ್ದರು. ಆ ನಗುವಿನ ನಡುವೆ ಕಿಸೆಯಲ್ಲಿ ಫೋನು ಗುಂಯ್ ಅಂದಿತು. ನೋಡಿದೆ, ಮೈಕು ಕೆಳಗಿಟ್ಟೆ. ಬದುಕಿರುವಷ್ಟು ದಿನ ನನ್ನ ಒಂದು ಮಾತನ್ನೂ ಪೂರ್ತಿ ಆಡಗೊಡದ ಮನುಷ್ಯ, ಹೋಗುವಾಗಲೂ ನಡುವೆ ಬಾಯಿ ಹಾಕಿಯೇ ಹೋದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಕಾಕಾ ಅನ್ನುತ್ತಿದ್ದೆ. ವಾಡೆಯ ಒಡತಿ ‘ಕಂಡಕ್ಟರ್ರ’ ಅನ್ನುತ್ತಿದ್ದರು. ಸಿಟ್ಟು ಬಂದಾಗ ಇಬ್ಬರೂ ಬೇರೆ ಏನೇನೋ ಅಂದಿದ್ದೇವೆ, ಅದೂ ಇಲ್ಲಿ ಬೇಡ.

ವಾಡೆ ಇರುವುದು ಧಾರವಾಡದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು ಹೋದರೆ ಸಿಗುವ ಒಂದು ಹಳ್ಳಿಯ ನೆತ್ತಿಯ ಮೇಲೆ. ಹಳೆಯ ದೇಸಾಯರ ಮನೆತನದ್ದು. ಮೂಲೆಗೊಂದು ಹುಡೇವು ಅನ್ನುವ ಕಾವಲು ಬುರುಜು, ಆನೆ ನುಗ್ಗುವಷ್ಟು ಎತ್ತರದ ಅಗಸಿ ಬಾಗಿಲು, ಆ ಬಾಗಿಲಿನ ಹೊಟ್ಟೆಯಲ್ಲಿ ಮನುಷ್ಯರು ಬಗ್ಗಿ ದಾಟುವ ಸಣ್ಣ ದಿಡ್ಡಿ. ಒಳಗೆ ದೇಸಾಯರು ಕೂತು ನ್ಯಾಯ ಹೇಳುತ್ತಿದ್ದ ಕಂಬಗಳ ಸದರು, ಕುದುರೆ ಲಾಯ, ಎರಡು ಸಂಸಾರ ಬಾಳುವಷ್ಟು ದೊಡ್ಡ ಅಡುಗೆಮನೆ, ಜೋಳ ತುಂಬಿಡಲು ನೆಲದೊಳಗೆ ಕೊರೆದ ಹಗೇವು. ಭಾನುವಾರ ಮಾತ್ರ ನೋಡಲು ಬಿಡುತ್ತಾರೆ. ಬಂದವರಲ್ಲಿ ಕೆಲವರು ಅರಮನೆ ಅನ್ನುತ್ತಾರೆ, ಕೆಲವರು ಕೋಟೆ ಅನ್ನುತ್ತಾರೆ. ಕಾಕಾ ಬಾಗಿಲಲ್ಲೇ ಹಿಡಿದು ತಿದ್ದುತ್ತಿದ್ದರು:

“ವಾಡೆ ಅನ್ರಿ. ಅರಮನಿ ಅಂದ್ರ ರಾಜ ಬೇಕು, ಕ್ವಾಟಿ ಅಂದ್ರ ಯುದ್ಧ ಬೇಕು. ನಮ್ಮಲ್ಲಿ ಎರಡೂ ಸ್ಟಾಕ್ ಇಲ್ಲ.”

‘ನಮ್ಮಲ್ಲಿ’ ಎಂದು ಎದೆ ತಟ್ಟಿ ಹೇಳುವ ಈ ಮನುಷ್ಯನಿಗೂ ವಾಡೆಗೂ ಹುಟ್ಟಿನ ಸಂಬಂಧವೇನೂ ಇರಲಿಲ್ಲ. ಅವರು ಆ ಮಾರ್ಗದ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಸೇವೆಯುದ್ದಕ್ಕೂ “ವಾಡೆ, ವಾಡೆ ಇಳಿಯೋರು ಮುಂದ ಬರ್ರಿ” ಎಂದು ಕೂಗಿದ್ದರು. ತಾವು ಒಂದು ದಿನವೂ ಇಳಿದಿರಲಿಲ್ಲ. ನಿವೃತ್ತರಾದ ಮರುದಿನ ಪ್ರಯಾಣಿಕರಾಗಿ ಅದೇ ಬಸ್ಸು ಹತ್ತಿದರು, ವಾಡೆ ಸ್ಟಾಪಿನಲ್ಲಿ ಇಳಿದರು, ದಿಡ್ಡಿಯೊಳಗೆ ತಲೆ ತೂರಿಸಿ “ಒಳಗ ಏನೈತಿ ನೋಡೂನು ಅಂತ ಬಂದೇನಿ” ಅಂದರು. ಎದುರಿಗೆ ನಿಂತಿದ್ದವರು ದೇಸಾಯರ ಸೊಸೆ, ಈಗಿನ ಒಡತಿ. ಊರೆಲ್ಲ ಅವರನ್ನು ಬಾಯಾರು ಅನ್ನುತ್ತದೆ. ಧಾರವಾಡದಲ್ಲಿ ಮನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಅಳತೆ ತಪ್ಪಿದ ಮಾತನ್ನು ಸಹಿಸದವರು. ಬಂದವರಿಗೆ ದಾರಿ ತೋರಿಸಲು ಅವರಿಗೂ ಒಬ್ಬರು ಬೇಕಿತ್ತು. ಸರಿ, ತೋರಿಸಿರಿ ಅಂದರು. ಆ ಮಾತಿಗೆ ಅವರು ಪಶ್ಚಾತ್ತಾಪ ಪಡದ ಭಾನುವಾರವನ್ನು ನಾನಂತೂ ನೋಡಿಲ್ಲ.

ಕಾಕಾ ವಾಡೆಯನ್ನು ಬಸ್ಸಿನ ಹಾಗೇ ನಡೆಸಿದರು. ಜನ ಸದರಿನ ಬಾಗಿಲಲ್ಲಿ ಗುಂಪುಗಟ್ಟಿದರೆ “ಒಳಗ ಸರೀರಿ, ಹಿಂದ ಜಾಗಾ ಐತಿ” ಎಂದು ಕೂಗುವರು. ಒಂದು ಕೋಣೆ ಮುಗಿಯಿತೆಂದರೆ “ರೈಟ್” ಅನ್ನುವರು. ಯಾರಾದರೂ ಹಿಂದೆ ಉಳಿದು ಕೆತ್ತನೆ ನೋಡುತ್ತಿದ್ದರೆ “ಆಮ್ಯಾಲ ಕೈ ಮಾಡಿದ್ರ ನಿಲ್ಲಸೂದಿಲ್ಲ ಮತ್ತ” ಎಂಬ ಎಚ್ಚರಿಕೆ. ಇಷ್ಟನ್ನು ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಅವರ ಇನ್ನೊಂದು ಚಟ: ಅಡ್ಡಹೆಸರು.

ನಮ್ಮ ಕಡೆಯ ಅಡ್ಡಹೆಸರುಗಳು ಕಿರಾಣಿ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಹಾಗಿರುತ್ತವೆ. ತುಪ್ಪದ, ಉಪ್ಪಿನ, ಅಕ್ಕಿ, ಮೆಣಸಿನಕಾಯಿ. ಕಾಕಾ ದಿಡ್ಡಿ ದಾಟಿದ ಪ್ರತಿಯೊಬ್ಬರ ಅಡ್ಡಹೆಸರು ಕೇಳುವರು, ಕಣ್ಣು ಮುಚ್ಚುವರು, ಆಮೇಲೆ ಕೈ ಹಿಡಿದು ವಾಡೆಯಲ್ಲಿ ಅವರ ವಂಶಕ್ಕೆ ಒಂದು ಜಾಗ ತೋರಿಸುವರು. ಎಲ್ಲ ಸುಳ್ಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹುಟ್ಟಿದ ಸುಳ್ಳು. ತುಪ್ಪದ ಎಂಬ ದಂಪತಿಯನ್ನು ಒಂದು ಕತ್ತಲ ಗೂಡಿನ ಮುಂದೆ ನಿಲ್ಲಿಸಿ “ನಿಮ್ಮ ಮುತ್ತಜ್ಜ ತುಪ್ಪದ ಗಡಗಿ ಇಡತಿದ್ದದ್ದು ಇಲ್ಲೆ” ಅಂದರು. ಆ ಹೆಂಗಸು ಗೋಡೆ ಕೆರೆದು ಬೆರಳು ಮೂಸಿ, “ಹೌದ್ರಿ, ಇನ್ನೂ ಜಿಡ್ಡು ಐತಿ” ಅಂದರು. ಅದು ಬಾವಲಿಯದು. ನಾನು ಹೇಳಲು ಬಾಯಿ ತೆರೆದೆ. ಕಾಕಾ “ರೈಟ್” ಅಂದರು.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಸೋದರಮಾವನ ಮಗನ ಫೋಟೋ ತೆಗೆಸಲು. ಮದುವೆಗೆ ಮೊದಲೇ ಗಂಡು ಹೆಣ್ಣು ಹಳೆಯ ಕಂಬಕ್ಕೆ ಒರಗಿ ದೂರ ನೋಡುವ ಫೋಟೋಗಳು ಈಗ ಬೇಕಲ್ಲ, ಅದಕ್ಕೆ. ಕಾಕಾ ಮದುಮಗನಿಗೆ “ಕಂಬ ಬಿಟ್ಟು ನಿಲ್ಲು ತಮ್ಮಾ, ಅದು ಮಾಳಿಗಿ ಹೊತ್ತೈತಿ, ನಿನ್ನೂ ಹೊರಬೇಕೇನು?” ಅನ್ನುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು, ಬಾಯಿ ಸೊಟ್ಟ ಮಾಡಿ, ಅದೇ ಮಾತನ್ನು ಅದೇ ದನಿಯಲ್ಲಿ ಫೋಟೋದವರಿಗೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಇದು ನನ್ನ ಹುಟ್ಟುಗುಣ. ವಾರವಿಡೀ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವುದು ನನ್ನ ಹೊಟ್ಟೆಪಾಡು, ಕಂಡವರ ದನಿ ತೆಗೆಯುವುದು ಚಟ. ಒಮ್ಮೆ ನಮ್ಮ ಮೇಸ್ತ್ರಿಯ ದನಿಯಲ್ಲಿ “ಚಾ ಕುಡದ ಬರ್ರಿ” ಅಂದೆ. ಇಡೀ ಪಾಳಿ ಹೊರಗೆ ಹೋಯಿತು, ಮೇಸ್ತ್ರಿಯೂ ಹೋದರು.

ಕಾಕಾ ತಿರುಗಿ ನೋಡಿದರು. ಬೈಯುತ್ತಾರೆಂದುಕೊಂಡೆ.

“ಮೂಗಿನ್ಯಾಗ ಮಾತಾಡಬ್ಯಾಡ,” ಅಂದರು. “ನನ್ನ ದನಿ ಹೊಟ್ಯಾಗಿಂದ ಬರ್ತೈತಿ. ತುಂಬಿದ ಬಸ್ಸಿನ್ಯಾಗ ಕಡೀ ಸೀಟಿಗೆ ಮುಟ್ಟಬೇಕಂದ್ರ ಮೂಗು ಸಾಲೂದಿಲ್ಲ. ಅಡ್ಡೆಸರು ಏನು?”

“ಉಳ್ಳಾಗಡ್ಡಿ ರೀ.”

ನನ್ನ ಜೊತೆಗಿದ್ದವರು ಮತ್ತೆ ನಕ್ಕರು. ಈರುಳ್ಳಿಯನ್ನು ಅಡ್ಡಹೆಸರಾಗಿ ಹೊತ್ತವನು ಶಾಲೆಯಿಂದಲೂ ಹಾಜರಿ ಕೂಗಿದಾಗ ಕೇಳಿದ ನಗು ಅದು, ನನಗೆ ರೂಢಿ. ಕಾಕಾ ನಗಲಿಲ್ಲ. ಕಣ್ಣು ಮುಚ್ಚಿದರು. ಆಮೇಲೆ ನನ್ನನ್ನು ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋದರು.

“ಇಲ್ಲಿ ಕುಂತು ನಿಮ್ಮ ಅಜ್ಜಿ ಉಳ್ಳಾಗಡ್ಡಿ ಹೆಚ್ಚತಿದ್ಲು. ವಾಡೇದ ಹೆಣಮಕ್ಕಳಿಗೆ ಅಳಬೇಕು ಅನಿಸಿದ್ರ ಅಕಿ ಹಂತ್ಯಾಕ ಬಂದು ಕುಂದರತಿದ್ರು. ಯಾರರ ಕೇಳಿದ್ರ ಉಳ್ಳಾಗಡ್ಡಿ ಅನಬಹುದು ನೋಡು.”

“ನಮ್ಮ ಅಜ್ಜಿ ಹುಬ್ಬಳ್ಳಿ ಬಿಟ್ಟು ಎಲ್ಲೂ ಹೋಗಿಲ್ಲರಿ ಕಾಕಾ.”

“ನಿಮ್ಮ ಅಜ್ಜಿ ಅಲ್ಲ, ಅಕಿ ಅಜ್ಜಿ.”

“ಅಕಿ ಹೆಸರು ಏನಂತ ಗೊತ್ತೇನ್ರಿ ನಿಮಗ?”

“ಹೆಸರು ಯಾರು ಹೇಳಿದ್ರು? ನಾ ಕೆಲಸಾ ಹೇಳೇನಿ.”

ಬಾಯಾರು ಅಲ್ಲೇ ಬಾವಿಯ ಹತ್ತಿರ ನಿಂತು ಕೇಳುತ್ತಿದ್ದರು. ಕಾಕಾನ ಸುಳ್ಳು ಕಿವಿಗೆ ಬಿದ್ದರೆ ಸ್ಥಳದಲ್ಲೇ ತಿದ್ದುವುದು ಅವರ ಪದ್ಧತಿ. “ಅದು ತುಪ್ಪದ ಗೂಡಲ್ಲ, ದೀಪದ ಗೂಡು. ದಯವಿಟ್ಟು ಬರಕೋಬ್ಯಾಡ್ರಿ” ಅನ್ನುವರು. ಈ ಒಂದನ್ನು ಮಾತ್ರ ಅವರು ತಿದ್ದಲಿಲ್ಲ. “ಇದನ್ನ ನಿಮಗ ಯಾರು ಹೇಳಿದ್ರು ಕಂಡಕ್ಟರ್ರ?” ಎಂದು ಕೇಳಿದರು. ಯಾರೂ ಇಲ್ಲರಿ, ಅಂದರು ಕಾಕಾ. ಬಾಯಾರು ಆ ಮೆಟ್ಟಿಲು ನೋಡುತ್ತ ಸ್ವಲ್ಪ ಹೊತ್ತು ನಿಂತು, ಬೇರೆ ಕೆಲಸಕ್ಕೆ ಹೋದರು.

ಆಮೇಲೆ ನಾನು ಪ್ರತಿ ಭಾನುವಾರ ಹೋಗತೊಡಗಿದೆ. ಹೊಸ ದನಿ ಕದಿಯಲು ಹೋಗುತ್ತೇನೆಂದು ಮನೆಯಲ್ಲಿ ಹೇಳುತ್ತಿದ್ದೆ. ಅಲ್ಲಿ ಕಾಕಾ ನನಗೆ ಕಸ ಗುಡಿಸಲು ಹಚ್ಚುತ್ತಿದ್ದರು, ಅದನ್ನು ಹೇಳುತ್ತಿರಲಿಲ್ಲ.

ಮೈಸೂರಿನ ಕಡೆಯವರೊಬ್ಬರು ಬಂದದ್ದು ನೆನಪಿದೆ. ಅಡ್ಡೆಸರು ಏನ್ರಿ ಎಂದು ಕೇಳಿದ್ದಕ್ಕೆ ಅವರು ಮೆತ್ತಗೆ, “ನಮಗೆ ಅಡ್ಡಹೆಸರು ಇರಲ್ಲ ಸಾರ್, ಇನಿಷಿಯಲ್ ಅಷ್ಟೇ. ಕೆ ಅಂತ” ಅಂದರು.

“ಬರೇ ಕೆ?”

“ಹೂಂ, ಬರೀ ಕೆ.”

ಕಾಕಾನ ಮುಖದಲ್ಲಿ ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಕಂಡವರ ಕರುಣೆ ಮೂಡಿತು. ಗುಂಪಿನ ಕಡೆ ತಿರುಗಿ “ಇವರಿಗೆ ಅಡ್ಡೆಸರು ಇಲ್ಲಂತ, ಸ್ವಲ್ಪ ಸರದ ಜಾಗಾ ಕೊಡ್ರಿ” ಅಂದರು. ಅವರನ್ನು ಸದರಿನ ಕಟ್ಟೆಯ ಮೇಲೆ ಕೂರಿಸಿ, “ದೂರದ ಊರಿಂದ ತೀರ್ಪು ಕೇಳಾಕ ಬಂದವರು ಇಲ್ಲೆ ಕಾಯ್ತಿದ್ರು. ನಿಮ್ಮ ಹಿರೇರೂ ಬಂದಿರಬೇಕು” ಎಂದು ಹೇಳಿ ಮುಂದೆ ಹೋದರು. ಆ ಪುಣ್ಯಾತ್ಮ ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದರು. ಹೊರಡುವಾಗ ನಗುತ್ತ, “ನಮ್ಮ ತೀರ್ಪು ಏನಾಯ್ತು ಸಾರ್?” ಎಂದು ಕೇಳಿದರು. ಕಾಕಾ ನಗದೆ, “ಮುಂದಿನ ತಾರೀಖು ಕೊಟ್ಟಾರ, ಮತ್ತ ಬರ್ರಿ” ಅಂದರು.

ಹಗೇದ ಎಂಬವರ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಅವರ ಹಿರಿಯರು ಹಗೇವಿನ ಕಾವಲಿನವರೆಂದು ಕಾಕಾ ಹೇಳಿದ್ದರು. ಜೋಳ ತೆಗೆಯುವ ಮೊದಲು ಅವರು ಹಗ್ಗದಲ್ಲಿ ದೀಪ ಇಳಿಬಿಡುತ್ತಿದ್ದರಂತೆ, ದೀಪ ಆರಿದರೆ ಅಂದು ಯಾರೂ ಕೆಳಗೆ ಇಳಿಯುವಂತಿಲ್ಲವಂತೆ. ಮುಂದಿನ ವಾರ ಒಂದು ಟೆಂಪೋ ತುಂಬ ಹಗೇದರು ಬಂದರು, ಕಾಯಿ, ಕರ್ಪೂರ, ನೈವೇದ್ಯ ಸಮೇತ. “ನಮ್ಮ ಹಿರೇರ ಜಾಗಾ ರೀ” ಎಂದು ಹಗೇವಿನ ಬಾಯಿಯ ಸುತ್ತ ಕೂತೇಬಿಟ್ಟರು. ದೀಪ ಇಳಿಬಿಟ್ಟರು. ಅದು ನಿಜವಾಗಿಯೂ ಆರಿತು. ಅವರೆಲ್ಲ ಕೈ ಮುಗಿದು ಹಿಂದೆ ಸರಿದರು. ಅಂದಿನಿಂದ ಸುಗ್ಗಿ ಮುಗಿದ ಮೇಲೆ ತಪ್ಪದೆ ಬರುತ್ತಾರೆ.

ಬಾಯಾರು ಅಂದು ಕಾಕಾನನ್ನು ಸದರಿನಲ್ಲಿ ನಿಲ್ಲಿಸಿಕೊಂಡು ಮಾತಾಡಿದರು. “ಮುಚ್ಚಿದ ಹಗೇವಿನ್ಯಾಗ ದೀಪ ಯಾಕ ಆರ್ತದ ಅಂತ ನನಗ ಗೊತ್ತದ ಕಂಡಕ್ಟರ್ರ. ಅದನ್ನ ಮಕ್ಕಳಿಗೆ ಕಲಿಸಿ ನಿವೃತ್ತಳಾಗೇನಿ. ನೀವು ಸುಳ್ಳು ಹೇಳ್ತೀರಿ ಅನ್ನೂದಕ್ಕ ಸಿಟ್ಟಿಲ್ಲ. ನಿಮ್ಮ ಸುಳ್ಳಿಗೆ ನನ್ನ ಶಾಸ್ತ್ರ ಹೋಗಿ ಸಾಕ್ಷಿ ಹೇಳ್ತದಲ್ಲ, ಅದಕ್ಕ ಸಿಟ್ಟು.”

“ತಪ್ಪಾತ್ರಿ ಬಾಯಾರ,” ಅಂದರು ಕಾಕಾ. ತಪ್ಪಾಯಿತು ಅನ್ನುವುದರಲ್ಲಿ ಅವರಷ್ಟು ಉದಾರಿಯನ್ನು ನಾನು ಕಂಡಿಲ್ಲ. ಅದರ ಬೆನ್ನಿಗೇ ದಿಡ್ಡಿಯಲ್ಲಿ ಒಬ್ಬರು ತಲೆ ಹಾಕಿದರು. ಕಾಕಾ ಆ ಕಡೆ ತಿರುಗಿ ಅಡ್ಡಹೆಸರು ಕೇಳಿದರು.

ಒಮ್ಮೆ ಮಾತ್ರ ಆ ಪ್ರಶ್ನೆ ಅವರ ಬಾಯಲ್ಲೇ ಸಿಕ್ಕಿಹಾಕಿಕೊಂಡಿತು. ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿದ್ದ ನಾಲ್ಕೈದು ಹುಡುಗರು ಬಂದಿದ್ದರು. ಎಲ್ಲರೂ ತಮ್ಮ ತಮ್ಮ ಅಡ್ಡಹೆಸರು ಹೇಳಿದರು. ಕೊನೆಯವನು ದಿಡ್ಡಿಯ ಹೊರಗೇ ನಿಂತಿದ್ದ.

“ಯಾಕ ಬೇಕ್ರಿ ಅಡ್ಡೆಸರು?” ಅಂದ. “ಹೇಳಿದ್ರ ಜಾತಿ ತಿಳೀತೈತಿ. ನಮ್ಮ ಮಂದಿ ಈ ಅಗಸಿ ದಾಟೂ ಹಂಗ ಇದ್ದಿಲ್ಲಂತ ನಮ್ಮ ಅಜ್ಜ ಹೇಳ್ತಿದ್ದ. ಒಳಗ ನಮಗ್ಯಾವ ಜಾಗಾ ತೋರಸ್ತೀರಿ?”

ಕಾಕಾ ಕಣ್ಣು ಮುಚ್ಚಲಿಲ್ಲ. ಏನಾದರೊಂದು ಹುಟ್ಟಿಸುತ್ತಾರೆ ಎಂದು ನಾನು ಕಾದೆ. ಅವರು “ಖರೇ ಐತಿ” ಅಂದರು, ಅಷ್ಟೇ. ಆಮೇಲೆ ದಿಡ್ಡಿ ಬಿಟ್ಟು ದೊಡ್ಡ ಬಾಗಿಲಿನ ಅಡ್ಡಪಟ್ಟಿ ಹಿಡಿದು ಎಳೆಯತೊಡಗಿದರು. ನಾನು ಹುಟ್ಟಿದ ಮೇಲೆ ಆ ಬಾಗಿಲು ತೆರೆದದ್ದೇ ಇಲ್ಲವೇನೋ. ನನ್ನನ್ನೂ ಹಚ್ಚಿದರು, ಆ ಹುಡುಗರನ್ನೂ ಹಚ್ಚಿದರು. ಬೆನ್ನು ಮುರಿಯುವ ಹಾಗೆ ನೂಕಿದ ಮೇಲೆ ಬಾಗಿಲು ಕಿರುಗುಟ್ಟಿ ಪೂರ್ತಿ ತೆರೆಯಿತು. ಹೊರಗಿದ್ದವನು ತಲೆ ಬಗ್ಗಿಸದೆ ನಡುವಿನಿಂದ ಒಳಗೆ ಬಂದ. ಅವನ ಅಡ್ಡಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

ತೆರೆದದ್ದಾಯಿತು, ಮುಚ್ಚಲು ಬರಲಿಲ್ಲ. ತುಕ್ಕು ಹಿಡಿದ ಕೀಲು ಅಲ್ಲೇ ಕಚ್ಚಿ ಕೂತಿತು. ಒಂದು ವಾರ ವಾಡೆ ಬಾಯಿ ತೆರೆದುಕೊಂಡೇ ಇತ್ತು. ಊರಿನ ಎಮ್ಮೆಗಳೆಲ್ಲ ಒಳಗೆ ಬಂದು ಸದರಿನಲ್ಲಿ ಮಲಗಿದವು. ಯಾಕೆ ತೆರೆದಿರಿ ಎಂದು ಬಾಯಾರು ಕೇಳಿದರೆ ಕಾಕಾ “ಎಣ್ಣಿ ಹಾಕೂನಂತ ತಗದೆ” ಅಂದರು. ಆ ಸಗಣಿ ಬಾಚಿದವನು ಯಾರೆಂದು ಬೇರೆ ಹೇಳಬೇಕಿಲ್ಲ.

ಕಳೆದ ವರ್ಷ ಅವರ ದನಿ ಒಡೆಯತೊಡಗಿತು. ಮೊದಲು ಧೂಳು ಅಂದರು, ಆಮೇಲೆ ಥಂಡಿ ಅಂದರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವುದನ್ನು ಬಿಡಿರೆಂದರೆ “ಅದು ಹಳೇ ಪಾಸು, ರದ್ದು ಮಾಡಾಕ ಬರೂದಿಲ್ಲ” ಅಂದರು. ಕೊನೆಗೆ ಸತ್ತೂರಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದು, ನನಗೂ ಬಾಯಾರಿಗೂ ಸದರಿನ ಕಟ್ಟೆಯ ಮೇಲೆ ಸುದ್ದಿ ಹೇಳಿದರು, ಸ್ಟಾಪು ಬದಲಾದದ್ದನ್ನು ಹೇಳುವ ಹಾಗೆ.

“ದನಿ ಪೆಟಗಿ ತಗೀಬೇಕಂತ. ತಗದ್ರ ಜೀವಾ ಉಳೀತೈತಂತ.”

“ಮತ್ತ ಮಾತು?” ಅಂದೆ.

“ಆ ಮಾರ್ಗ ರದ್ದು.”

ಬಾಯಾರು ಒಳ್ಳೆಯ ಮನಸ್ಸಿನಿಂದಲೇ, ಕೆಟ್ಟ ಮಾತು ಹೇಳಿದರು: “ಹಂಗಾದ್ರ ಗ್ವಾಡಿಗೆ ಬೋರ್ಡು ಹಚ್ಚಿಬಿಡೂಣು ಕಂಡಕ್ಟರ್ರ. ಯಾವುದು ಎಷ್ಟನೇ ಶತಮಾನದ್ದು, ಯಾರು ಕಟ್ಟಿಸಿದ್ದು, ಎಲ್ಲಾ ಖರೇ ಇದ್ದದ್ದು ಬರಸೂಣು. ನಮ್ಮ ಮಾವನವರ ಹೆಸರನ್ನ ನೀವು ಒಂದ್ ದಿನಾನೂ ಯಾರಿಗೂ ಹೇಳಿಲ್ಲ. ನಿಮಗೂ ವಿಶ್ರಾಂತಿ ಸಿಗ್ತದ.”

“ಬೋರ್ಡು ಅಡ್ಡೆಸರು ಕೇಳೂದಿಲ್ರಿ,” ಅಂದರು ಕಾಕಾ. ಆ ಒಡಕು ದನಿಯಲ್ಲಿ ಅವರು ಬೇಡಿಕೊಂಡದ್ದನ್ನು ನಾನು ಅದೊಂದೇ ಸಲ ಕೇಳಿದ್ದು. “ಒಂದ ಐತವಾರ ಕೊಡ್ರಿ ಬಾಯಾರ. ಈ ಉಳ್ಳಾಗಡ್ಡಿ ನನ್ನ ದನೀಲೆ ಮಾತಾಡ್ತಾನ. ಕೇಳ್ರಿ. ಮನಸಿಗೆ ಬರಲಿಲ್ಲಂದ್ರ ಬೋರ್ಡ ಹಚ್ಚರಿ.”

ಉಳ್ಳಾಗಡ್ಡಿಯನ್ನು ಯಾರೂ ಕೇಳಲಿಲ್ಲ.

ಶಸ್ತ್ರಕ್ರಿಯೆಗೆ ಮೊದಲು ಉಳಿದ ವಾರಗಳಲ್ಲಿ ಅವರು ನನ್ನನ್ನು ಅರೆದು ಹಾಕಿದರು. ಕಾರ್ಖಾನೆ ಮುಗಿಸಿ ನಾನು ಬಸ್ಸು ಹಿಡಿದು ಅವರ ಮನೆಗೆ ಹೋಗಬೇಕು, ಅಂಗಳದಲ್ಲಿ ನಿಂತು ಅವರಾಗಬೇಕು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಮನುಷ್ಯನ ಕೆಮ್ಮು, ಉಗ್ಗು, ಸೊಟ್ಟ ಬಾಯಿಯನ್ನು ಹಿಡಿದು ಎರಡು ಪಟ್ಟು ಮಾಡುವುದು. ಕಾಕಾ ತಲೆ ಚಚ್ಚಿಕೊಳ್ಳುವರು.

“ಕೆಮ್ಮು ಯಾಕ ಮಾಡ್ತಿ? ಅದು ನನಗ ಬ್ಯಾಡಾಗೇತಿ, ನಿನಗ್ಯಾಕ ಬೇಕಾತು?”

“ಕೆಮ್ಮಿದ್ರ ಮಂದಿ ನಗ್ತಾರ ಕಾಕಾ.”

“ನಗಸಾಕ ಮದವಿ ಮನಿ ಐತಿ. ಇಲ್ಲಿ ಮಂದಿ ನಿನ್ನ ನೋಡಬಾರದು, ಗ್ವಾಡಿ ನೋಡಬೇಕು. ಮತ್ತ ಹೇಳು. ದೀವಟಗಿ ಅನ್ನಾಂವ ಬಂದ.”

“ರಾಣಿಯರ ಮುಂದ ದೀವಟಗಿ ಹಿಡದು…”

“ಯಾವ ರಾಣಿ? ದೀವಟಗಿ ಹಿಡಿದಾಂವಗ ಮೈಮ್ಯಾಲ ಎಣ್ಣಿ ಸಿಡೀತೈತಿ. ಅದನ್ನ ಮೊದಲ ಹೇಳು. ಅಂವಗ ಕೈ ಉರೀಬೇಕು.”

ಯಾರಿಗೂ ರಾಜರ ಗಾದಿ ಕೊಡಬಾರದು, ಕೆಲಸ ಕೊಡಬೇಕು ಎಂಬುದು ಅವರ ಕಟ್ಟಪ್ಪಣೆ. ಗಾದಿ ಕೊಟ್ಟರೆ ಫೋಟೋ ಹೊಡೆಸಿಕೊಂಡು ಹೋಗುತ್ತಾರೆ, ಕೆಲಸ ಕೊಟ್ಟರೆ ಮನೆಗೆ ಹೋಗಿ ಮಕ್ಕಳಿಗೆ ಹೇಳುತ್ತಾರೆ ಅನ್ನುವರು. ನಾನು ಸರಿಯಾಗಿ ಹೇಳಿದ ದಿನ ಅವರು ಹೊಗಳಲಿಲ್ಲ. “ಇವತ್ತ ನಿನ್ನ ಬಾಯಿ ಸ್ವಲ್ಪ ಸುಮ್ಮನಿತ್ತು” ಅಂದರು. ಅಷ್ಟಕ್ಕೇ ನಾನು ಬಸ್ಸಿನಲ್ಲಿ ಒಬ್ಬನೇ ನಗುತ್ತ ಮನೆಗೆ ಬಂದೆ. ನನ್ನ ಬುದ್ಧಿಗೆ ಏನೆನ್ನಬೇಕು.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಬರೆದು ತೋರಿಸಲೆಂದು ಯಾರೋ ಒಂದು ಪಾಟಿ ಕೊಟ್ಟಿದ್ದರು. ಅವರು ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಅವರ ದನಿಯಲ್ಲಿ “ಹೆಂಗದೀರಿ ಕಾಕಾ?” ಅಂದೆ. ಪಕ್ಕದ ಹಾಸಿಗೆಯವರು ಬೆಚ್ಚಿ ನೋಡಿದರು. ಕಾಕಾ ಬೆರಳು ಎತ್ತಿ ತಮ್ಮ ಮೂಗು ಮುಟ್ಟಿ ತೋರಿಸಿದರು. ಮೂಗಿನಲ್ಲಿ ಮಾತಾಡಿದೆಯಂತೆ.

ಬಾಯಾರು ಒಪ್ಪಿಕೊಂಡ ಭಾನುವಾರ ಬಂತು. ಕಾಕಾ ದಿಡ್ಡಿಯ ಒಳಗೆ, ತಾವು ಯಾವಾಗಲೂ ಕೂರುತ್ತಿದ್ದ ಕಲ್ಲುಕಟ್ಟೆಯ ಮೇಲೆ, ಮಡಿಸಿದ ಕಂಬಳಿ ಹಾಕಿಕೊಂಡು ಕೂತರು. ಬಾಯಾರು ಮುಖದಲ್ಲಿ ಏನೂ ತೋರಿಸದೆ ಹಿಂದೆ ನಿಂತರು. ಹುಬ್ಬಳ್ಳಿಯ ಒಂದು ಓಣಿಯವರು ಬಂದಿದ್ದರು. ನಾನು ಬಾಯಿ ತೆರೆದೆ, ಕಾಕಾನ ದನಿ ಹೊರಬಂತು. ಹರೆಯದ ಹುಡುಗನ ಬಾಯಲ್ಲಿ ಮುದುಕರ ದನಿ ಕೇಳಿ ಜನ ನಕ್ಕರು. ನಗು ಕೇಳಿದ್ದೇ ತಡ, ನನ್ನೊಳಗಿನ ಮದುವೆಮನೆಯ ಕೋತಿ ಎದ್ದಿತು, ಒಂದು ಕೆಮ್ಮು ಸೇರಿಸಿದೆ. ಟಪ್ ಎಂದು ಬಾಗಿಲಿಗೆ ಏಟು ಬಿತ್ತು. ಕಾಕಾ ಅಂಗೈಯಿಂದ ಬಡಿದಿದ್ದರು. ಒಂದು ಬಡಿತಕ್ಕೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಬಸ್ಸು ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ.

ಆ ಸದ್ದಿಗೆ ಜನ ತಿರುಗಿ ಅವರನ್ನು ನೋಡಿದರು. ಕುತ್ತಿಗೆಯ ಬಟ್ಟೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ದನಿ ಯಾರದೆಂದು ಅವರಿಗೆ ಅರ್ಥವಾಯಿತು. ಅಲ್ಲಿಗೆ ಕೆಲಸ ಕೆಟ್ಟಿತು. ಆಮೇಲೆ ಯಾರೂ ನಗಲಿಲ್ಲ, ಯಾರೂ ಗೋಡೆ ನೋಡಲಿಲ್ಲ. ಅಡ್ಡಹೆಸರು ಕೇಳಿದರೆ ಹೆಣದ ಮಣ್ಣಿಗೆ ಬಂದವರ ಹಾಗೆ ಮೆಲ್ಲಗೆ ಹೇಳಿದರು. ನಾನು ಹಲಗಿಯವರಿಗೆ ಹಲಗೆ ಬಾರಿಸುವ ಬುರುಜು ತೋರಿಸಿದೆ, ಅವರು ಕಾಕಾನ ಕಡೆ ನೋಡಿ ಚ್ಚು ಚ್ಚು ಅಂದರು. ಸುಳ್ಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿತ್ತು. ಬೋರ್ಡು ಗೋಡೆ ಏರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಯಾರ ಮುಖವನ್ನೂ ನೋಡದೆ, ಗುಂಪಿನ ಕೊನೆಯಲ್ಲಿದ್ದ ಹೆಂಗಸನ್ನು ಕೇಳಿದೆ: “ಅಡ್ಡೆಸರು ಏನ್ರಿ ನಿಮ್ದು?”

“ತವರಿಂದು ಹೇಳ್ಲೋ, ಇಲ್ಲಿಂದು ಹೇಳ್ಲೋ?”

ತಲೆ ಎತ್ತಿದೆ, ಬಾಯಾರು. ಕಾಕಾನ ದನಿಯಲ್ಲೇ ಎರಡೂ ಹೇಳಿರೆಂದೆ.

“ಇಲ್ಲಿಂದು ದೇಸಾಯಿ. ಅದಕ್ಕ ಜಾಗಾ ಬೇಕಾದಷ್ಟು ಅದ.” ಅವರು ನನ್ನನ್ನು ನೋಡುತ್ತಿರಲಿಲ್ಲ. “ತವರಿಂದು ಸಕ್ಕರಿ. ಮದವಿಯಾಗಿ ಬಂದ ದಿನದಿಂದ ಅದನ್ನ ಯಾರೂ ಕೇಳಿಲ್ಲ. ಇಷ್ಟು ವರ್ಷ ಬಂದವರಿಗೆಲ್ಲ ಜಾಗಾ ಹಂಚಿದ್ರಿ ಕಂಡಕ್ಟರ್ರ, ನೀವೂ ಕೇಳಲಿಲ್ಲ.”

ಸಕ್ಕರೆ. ಅಂಗಳದ ಪಾಠದಲ್ಲಿ ಇದು ಬಂದಿರಲಿಲ್ಲ. ಉಗ್ರಾಣದ ಬಗ್ಗೆ ಏನಾದರೂ ಕಟ್ಟೋಣವೆಂದು ಬಾಯಿ ತೆರೆದೆ. ಟಪ್. ಒಂದೇ ಬಡಿತ.

ಕಾಕಾ ಕಟ್ಟೆಯಿಂದ ಎದ್ದರು. ಕಂಬಳಿಯನ್ನು ಎತ್ತಿ ಝಾಡಿಸಿ ಮತ್ತೆ ಅಲ್ಲೇ ಹಾಸಿದರು. ಬಾಯಾರ ಕಡೆ ತಿರುಗಿ ಆ ಜಾಗವನ್ನು ತೋರಿಸಿದರು, ಆಮೇಲೆ ದಿಡ್ಡಿಯನ್ನು ತೋರಿಸಿದರು, ಆಮೇಲೆ ಬಾಯಾರ ಬಾಯಿಯನ್ನು. ನಾನು ಅದನ್ನು ಮಾತಿಗೆ ಇಳಿಸಲು ಹೋದೆ. ಅವರ ಕೈ ಬಂದು ನನ್ನ ಬಾಯಿ ಮುಚ್ಚಿತು. ಆಸ್ಪತ್ರೆಯ ಔಷಧಿಯ ವಾಸನೆ ಇನ್ನೂ ಆ ಕೈಯಲ್ಲಿತ್ತು.

ಬಾಯಾರಿಗೆ ನನ್ನ ನೆರವು ಬೇಕಿರಲಿಲ್ಲ. “ಇಲ್ಲಿ ಕೂತು ಬಂದವರನ್ನ ಕೇಳೂದೇನೋ ಸರಿ, ನನಗ ಸುಳ್ಳು ಹೇಳಾಕ ಬರೂದಿಲ್ಲ ಕಂಡಕ್ಟರ್ರ,” ಅಂದರು.

ಕಾಕಾ ಬಿಡುವಿದ್ದ ಒಂದು ಕೈಯನ್ನು ಗಾಳಿಯಲ್ಲಿ ಆಡಿಸಿದರು. ಅದು ನಿಮ್ಮ ಪಾಡು ಅನ್ನುವ ಹಾಗಿತ್ತು.

ಬಾಯಾರು ಸೆರಗು ಸರಿಮಾಡಿಕೊಂಡು ಕೂತರು. ಕೂತು ಒಂದು ಗಳಿಗೆಯೂ ಆಗಿರಲಿಲ್ಲ, ಹೊರಗೆ ಆಟೋ ನಿಂತ ಸದ್ದಾಯಿತು. ಗಟ್ಟಿಮುಟ್ಟಾದ ಒಬ್ಬ ಹೆಂಗಸು ಬಗ್ಗಿ ಒಳಗೆ ಬಂದಳು, ಅವಳ ಹಿಂದೆ ಮೊಮ್ಮಕ್ಕಳು.

“ಅಡ್ಡಹೆಸರೇನು?” ಎಂದು ಬಾಯಾರು ಕೇಳಿದರು. ಹಾಜರಿ ಕರೆದ ಹಾಗಿತ್ತು.

“ಮೆಣಸಿನಕಾಯಿ ರೀ.”

ಬಾಯಾರು ಕಾಕಾನ ಕಡೆ ನೋಡಿದರು. ಕಾಕಾ ಮಾಳಿಗೆಯ ತೊಲೆಗಳನ್ನು ನೋಡುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು. ಲಾಯದ ಪಕ್ಕದ ಕೋಣೆ, ಮೆಣಸಿನಕಾಯಿ ಚೀಲ, ಕುದುರೆ ಸೀನಿದ್ದು, ಎಲ್ಲ ಬಾಯಿಪಾಠ. ಆದರೆ ಬಾಯಿಯ ಮೇಲೆ ಆ ಕೈ ಇತ್ತು.

“ನೋಡ್ರಿ ತಂಗಿ,” ಎಂದು ಬಾಯಾರು ಕೊನೆಗೆ ಹೇಳಿದರು, “ಇಷ್ಟು ದೊಡ್ಡ ವಾಡೆ ಅಂದ ಮ್ಯಾಲ ಖಾರ ಕುಟ್ಟೋ ಒರಳು ಎಲ್ಲೋ ಇದ್ದಿರಬೇಕು. ಅದು ಎಲ್ಲಿತ್ತು ಅಂತ ನನಗ ಖರೇನ ಗೊತ್ತಿಲ್ಲ. ನಡೀರಿ, ಕೂಡಿ ಹುಡುಕೂಣು.”

ಆ ಹೆಂಗಸು ಕೈಚೀಲವನ್ನು ಮೊಮ್ಮಗಳಿಗೆ ಕೊಟ್ಟು ಸೆರಗು ಸಿಕ್ಕಿಸಿದಳು. “ಹಿತ್ತಲದಾಗ ಇರಬೇಕ್ರಿ ಅವ್ವಾರ, ಒಳಗ ಕುಟ್ಟಿದ್ರ ಮನಿ ಮಂದಿಯೆಲ್ಲ ಸೀನೂದಿಲ್ಲೇನು. ಗಾಳಿ ಯಾವ ಕಡಿಂದ ಬೀಸತೈತಿ ಇಲ್ಲಿ?” ಎಂದು ಕೇಳುತ್ತ ಮುಂದೆ ನಡೆದೇಬಿಟ್ಟಳು. ಬಾಯಾರು ಅವಳ ಜೊತೆ ಹೊರಟರು. ಹುಬ್ಬಳ್ಳಿಯ ಓಣಿಯವರೂ ಒಬ್ಬೊಬ್ಬರಾಗಿ, ನೆಲ ನೋಡುತ್ತ, ಮೂಲೆ ತಡವುತ್ತ, ಅವರ ಹಿಂದೆ ಹೊರಟರು.

ಕಾಕಾ ನನ್ನ ಬಾಯಿಂದ ಕೈ ತೆಗೆದು, ಅದೇ ಕೈಯಿಂದ ತಮ್ಮ ಹಣೆ ಬಡಿದುಕೊಂಡರು. ಬಂದವರ ಮುಂದೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದನ್ನು ಅವರು ಆ ವಾಡೆಯಲ್ಲಿ ಮೊದಲ ಸಲ ಕೇಳಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಧೋತರದ ಅಂಚು ಎತ್ತಿಕೊಂಡು, ಲಗುಬಗೆಯಿಂದ ಅವರನ್ನು ಹಿಂಬಾಲಿಸಿದರು. ಒರಳು ಎಲ್ಲಿದೆಯೆಂದು ಅವರಿಗೂ ಗೊತ್ತಿರಲಿಲ್ಲ.